ಅಪ್ಪ ಮತ್ತೆ ಮುದ್ದೆ ನುಂಗುವುದು ಯಾವಾಗ?

ಪ್ರಶ್ನೆ: ನಮ್ಮದು ಮಂಡ್ಯ ಜಿಲ್ಲೆಯ ಒಂದು ಹಳ್ಳಿ. ಅಪ್ಪನಿಗೆ 64 ವರ್ಷ, ಬೇಸಾಯ. ಏಳು ವಾರದ ಹಿಂದೆ ಲಕ್ವ ಹೊಡೆದು ಎಡಗೈ, ಎಡಗಾಲು ಸ್ವಾಧೀನ ಕಳೆದುಕೊಂಡವು. ಮಾತು ತೊದಲುತ್ತೆ, ಆದರೆ ನಾವು ಹೇಳಿದ್ದೆಲ್ಲ ಅರ್ಥವಾಗುತ್ತೆ. ಆಸ್ಪತ್ರೆಯಿಂದ ಮೂಗಿನ ಟ್ಯೂಬ್ ಸಮೇತ ಮನೆಗೆ ಕಳಿಸಿದ್ದರು. ನಾಲ್ಕನೇ ವಾರ ರಾತ್ರಿ ನಿದ್ದೆಗಣ್ಣಲ್ಲಿ ಅವರೇ ಅದನ್ನು ಕಿತ್ತುಹಾಕಿಕೊಂಡರು. ಟ್ಯೂಬ್ ಇದ್ದರೆ ನುಂಗುವುದೇ ಮರೆತುಹೋಗುತ್ತೆ ಅಂತ ನೆಂಟರು ಹೇಳಿದ್ದರಿಂದ ಮತ್ತೆ ಹಾಕಿಸಲಿಲ್ಲ. ಈಗ ರಾಗಿ ಗಂಜಿ ಕೊಡುತ್ತಿದ್ದೇವೆ, ಕೆಮ್ಮದೆ ಕುಡಿಯುತ್ತಾರೆ. ನೀರು, ಕಾಫಿ ಕೊಟ್ಟರೆ ನೆತ್ತಿಗೆ ಹತ್ತುತ್ತೆ. ನಡುವೆ ಎರಡು ಸಲ ಸಂಜೆ ಮೈ ಬಿಸಿಯಾಗಿತ್ತು, ಡೋಲೋ ಕೊಟ್ಟ ಮೇಲೆ ಇಳಿಯಿತು. 62 ಕೆ.ಜಿ. ಇದ್ದವರು 55 ಆಗಿದ್ದಾರೆ.

ನನ್ನ ತಮ್ಮ ಒಂದು ವಿಡಿಯೋ ಕಳಿಸಿದ್ದಾನೆ. ಅದರಲ್ಲಿ ಮೂರು ವ್ಯಾಯಾಮ ಇವೆ. ಮಲಗಿಕೊಂಡು ತಲೆ ಮಾತ್ರ ಎತ್ತುವುದು, ನಾಲಿಗೆ ಕಚ್ಚಿ ಹಿಡಿದು ನುಂಗುವುದು, ಬಲೂನ್ ಊದುವುದು. ಅಪ್ಪನಿಗೆ ಬಿ.ಪಿ. ಇದೆ, ಕತ್ತಿನ ಮೂಳೆ ಸವೆದಿದೆ ಅಂತ ಮೊದಲೇ ಹೇಳಿದ್ದರು. ಇವನ್ನು ಮಾಡಿಸಬಹುದಾ? ಇನ್ನೊಂದು ಕಡೆ ಗಂಟಲಿಗೆ ಕರೆಂಟ್ ಕೊಟ್ಟು ಹತ್ತೇ ದಿನದಲ್ಲಿ ಸರಿ ಮಾಡುತ್ತೇವೆ ಅಂತಾರೆ. ಹೋಗೋಣವಾ? ಅಪ್ಪ ದಿನಾ ಕೇಳುವುದು ಒಂದೇ ಮಾತು: ಮುದ್ದೆ ಯಾವತ್ತು ಕೊಡ್ತೀಯವ್ವ? ಏನು ಹೇಳಲಿ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ವಿಡಿಯೋ ಬಗ್ಗೆ ವಿವರವಾಗಿ ಬರೆದಿದ್ದೀರಿ, ಟ್ಯೂಬ್ ಬಗ್ಗೆ ಬರೆದಿದ್ದೀರಿ. ಜ್ವರಕ್ಕೆ ಸಿಕ್ಕಿದ್ದು ಒಂದೇ ಸಾಲು, ಅದೂ ನಡುವೆ ಎಲ್ಲೋ. ನನ್ನ ಕಣ್ಣು ನಿಂತದ್ದು ಆ ಸಾಲಿನ ಮೇಲೆ. ಲಕ್ವ ಆದವರು, ನೀರು ಕುಡಿದರೆ ಕೆಮ್ಮುವವರು, ತೂಕ ಇಳಿಯುತ್ತಿರುವವರು. ಇಂಥವರಿಗೆ ಸಂಜೆ ಮೈ ಬಿಸಿಯಾದರೆ ನಾವು ಮೊದಲು ಅನುಮಾನಿಸುವುದು ಎದೆಯನ್ನು. ಕುಡಿದದ್ದು, ತಿಂದದ್ದು, ಜೊಲ್ಲು ಸ್ವಲ್ಪ ಸ್ವಲ್ಪವೇ ಶ್ವಾಸಕೋಶಕ್ಕೆ ಇಳಿದು ಅಲ್ಲಿ ಸೋಂಕು ಮಾಡುತ್ತಿರಬಹುದು. ಹಾಗೇ ಆಗಿದೆ ಅಂತ ನಾನು ಹೇಳುತ್ತಿಲ್ಲ, ಪತ್ರ ನೋಡಿ ಹೇಳಲು ಆಗುವುದೂ ಇಲ್ಲ. ಆದರೆ ವ್ಯಾಯಾಮ ಶುರು ಮಾಡುವ ಮೊದಲು ಒಬ್ಬ ಫಿಜಿಷಿಯನ್ ಹತ್ತಿರ ಎದೆ ಪರೀಕ್ಷೆ ಮಾಡಿಸಿ, ಬೇಕೆಂದರೆ ಒಂದು ಎಕ್ಸ್-ರೇ ತೆಗೆಸಿ. ಈ ವಾರವೇ ಹೋಗಿ. ಉಸಿರು ಜೋರಾದರೆ, ಹಗಲಲ್ಲೇ ಮಂಪರು ಬಂದರೆ, ಕಫದ ಬಣ್ಣ ಬದಲಾದರೆ ಅದೇ ದಿನ ಹೊರಡಿ. ಡೋಲೋ ಜ್ವರ ಇಳಿಸುತ್ತದೆ, ಜ್ವರದ ಕಾರಣವನ್ನಲ್ಲ.

ನಾನು ಸ್ಪೀಚ್ ಥೆರಪಿಸ್ಟ್. ಮಾತಿನವರು ಊಟದ ವಿಷಯಕ್ಕೆ ಯಾಕೆ ಬರುತ್ತಾರೆ ಅಂತ ಎಷ್ಟೋ ಮನೆಯವರು ಕೇಳುತ್ತಾರೆ. ಮಾತಾಡುವ ನಾಲಿಗೆ, ತುಟಿ, ಗಂಟಲೇ ನುಂಗುವುದಕ್ಕೂ ಬೇಕು, ಹಾಗಾಗಿ ಆ ಕೆಲಸವೂ ನಮ್ಮದೇ. ಲಕ್ವ ಆದ ಹೊಸದರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ನುಂಗುವ ತೊಂದರೆ ಇರುತ್ತದೆ. ಹಾಗಿದ್ದೂ ನಮ್ಮಲ್ಲಿ ಕೈಕಾಲಿಗೆ ಫಿಸಿಯೋ ಮಾಡಿಸುತ್ತಾರೆ, ಗಂಟಲನ್ನು ಯಾರಿಗೂ ತೋರಿಸುವುದಿಲ್ಲ.

ಈಗ ನೆತ್ತಿಯ ವಿಷಯ. ನೀರು ಕುಡಿಯುವಾಗ ಕೆಮ್ಮು ಬಂದರೆ ನಾವು ತಲೆ ತಟ್ಟುತ್ತೇವೆ, ಯಾರೋ ನೆನೆಸಿಕೊಂಡರು ಅನ್ನುತ್ತೇವೆ. ನಿಜ ಏನೆಂದರೆ ನೀರು ಮೇಲೆ ಹತ್ತಿರುವುದಿಲ್ಲ, ದಾರಿ ತಪ್ಪಿ ಕೆಳಗೆ ಇಳಿದಿರುತ್ತದೆ. ಗಂಟಲಲ್ಲಿ ಎರಡು ಬಾಗಿಲು ಹತ್ತಿರ ಹತ್ತಿರ ಇವೆ. ಮುಂದಿನದು ಗಾಳಿಗೆ, ಹಿಂದಿನದು ಅನ್ನಕ್ಕೆ. ಮಾಮೂಲಿ ಹೊತ್ತಿನಲ್ಲಿ ಗಾಳಿಯ ಬಾಗಿಲು ತೆರೆದಿರುತ್ತದೆ, ಅನ್ನದ್ದು ಮುಚ್ಚಿರುತ್ತದೆ. ನುಂಗುವ ಆ ಒಂದು ಸೆಕೆಂಡು ಮಾತ್ರ ಇದು ತಿರುಗುಮುರುಗು ಆಗಬೇಕು.

ನಿಮ್ಮ ಗಂಟಲಿನ ಮೇಲೆ ನಾಲ್ಕು ಬೆರಳು ಅಡ್ಡವಾಗಿ ಇಟ್ಟು ಒಮ್ಮೆ ಉಗುಳು ನುಂಗಿ. ಗಂಡಸರಲ್ಲಿ ಎದ್ದು ಕಾಣುವ ಆ ಉಬ್ಬು ಪಟ್ಟನೆ ಮೇಲಕ್ಕೆ ಹೋಗಿ ಇಳಿಯುತ್ತದೆ, ಅಲ್ವಾ? ಅದು ಧ್ವನಿಪೆಟ್ಟಿಗೆ. ಅದು ಮೇಲಕ್ಕೂ ಮುಂದಕ್ಕೂ ಜರುಗಿದಾಗ ಎಲೆಯಂಥ ಒಂದು ಮುಚ್ಚಳ ಗಾಳಿದಾರಿಯ ಮೇಲೆ ಬಾಗುತ್ತದೆ, ಧ್ವನಿಯ ತಂತುಗಳು ಬಿಗಿಯಾಗಿ ಕೂಡಿಕೊಳ್ಳುತ್ತವೆ. ಅದೇ ಎಳೆತಕ್ಕೆ ಹಿಂದಿನ ಬಾಗಿಲು ತೆರೆಯುತ್ತದೆ. ಈಗ ಅದೇ ಬೆರಳುಗಳನ್ನು ಅಪ್ಪನ ಗಂಟಲಿನ ಮೇಲೆ ಇಡಿ. ನುಂಗು ಅಂದ ಮೇಲೆ ಎಷ್ಟು ಹೊತ್ತಿಗೆ ಮೇಲೇಳುತ್ತದೆ, ಪೂರ್ತಿ ಏಳುತ್ತದೆಯೋ, ಅರ್ಧಕ್ಕೇ ನಡುಗಿ ಇಳಿಯುತ್ತದೆಯೋ ನೋಡಿ. ಎಷ್ಟೋ ಸಲ ನನ್ನ ಬೆರಳಿನ ಕೆಳಗೆ ಅದು ಎರಡು ಮೂರು ಸೆಕೆಂಡು ಸುಮ್ನೆ ಇದ್ದುಬಿಡುತ್ತದೆ. ನೀರು ಅಷ್ಟು ಹೊತ್ತು ಕಾಯುವುದಿಲ್ಲ. ಬಾಗಿಲು ಮುಚ್ಚುವ ಮೊದಲೇ ಒಳಗೆ ನುಗ್ಗಿರುತ್ತದೆ. ಗಂಜಿ ಮಂದ, ನಿಧಾನವಾಗಿ ಜಾರುತ್ತದೆ, ಗಂಟಲಿಗೆ ಸಮಯ ಕೊಡುತ್ತದೆ. ನಿಮ್ಮ ಅಪ್ಪನಿಗೆ ನೀರು ಕಷ್ಟ, ಗಂಜಿ ಸುಲಭ ಆಗಿರುವುದು ಇದಕ್ಕೇ ಇರಬಹುದು.

ಒಂದು ಸಮಾಧಾನದ ಮಾತು. ಕೈಕಾಲನ್ನು ಆಡಿಸುವುದು ಹೆಚ್ಚಾಗಿ ಎದುರು ಬದಿಯ ಮೆದುಳು. ಗಂಟಲಿಗೆ ಎರಡೂ ಬದಿಯ ಮೆದುಳಿಂದ ತಂತಿ ಬರುತ್ತದೆ, ಒಂದು ಬದಿಯದು ಸ್ವಲ್ಪ ಜೋರು. ಜೋರಿದ್ದ ಬದಿಗೆ ಪೆಟ್ಟಾದರೆ ನುಂಗುವುದು ಕೆಡುತ್ತದೆ, ಆಮೇಲೆ ಚೆನ್ನಾಗಿರುವ ಬದಿ ನಿಧಾನವಾಗಿ ಕೆಲಸ ವಹಿಸಿಕೊಳ್ಳುತ್ತದೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಶಾಹೀನ್ ಹಮ್ದಿ ಅವರ ತಂಡ 1990ರ ದಶಕದಲ್ಲೇ ಇದನ್ನು ತೋರಿಸಿಕೊಟ್ಟಿತು. ಅದಕ್ಕೇ ತುಂಬಾ ಜನರಿಗೆ ಮೊದಲ ಕೆಲವು ವಾರಗಳಲ್ಲೇ ನುಂಗುವುದು ಸುಧಾರಿಸುತ್ತದೆ. ಏಳು ವಾರ ಕಳೆದರೂ ಪೂರ್ತಿ ಬಂದಿಲ್ಲವೆಂದರೆ ಇನ್ನು ಬರುವುದಿಲ್ಲ ಅಂತಲ್ಲ, ತಾನಾಗಿ ಬರಲಿ ಅಂತ ಕಾಯುವ ಹೊತ್ತು ಮುಗಿಯಿತು ಅಂತ. ಪೆಟ್ಟು ಬಿದ್ದದ್ದು ಮೆದುಳಿನ ಬುಡದ ಕಾಂಡದಲ್ಲಾದರೆ ಲೆಕ್ಕ ಬೇರೆ. ನುಂಗುವ ಕ್ರಿಯೆಯನ್ನು ನಡೆಸುವ ಕೇಂದ್ರವೇ ಅಲ್ಲಿದೆ, ಚೇತರಿಕೆಗೆ ಜಾಸ್ತಿ ಸಮಯ ಬೇಕು. ಆಸ್ಪತ್ರೆಯವರು ಕೊಟ್ಟ ಸ್ಕ್ಯಾನ್ ರಿಪೋರ್ಟಿನಲ್ಲಿ ಇದು ಬರೆದಿರುತ್ತದೆ, ಎಲ್ಲಿಗೆ ಹೋದರೂ ಅದನ್ನು ಮರೆಯದೆ ಒಯ್ಯಿರಿ.

ಈಗ ನೀವು ನಂಬಿಕೊಂಡಿರುವ ಒಂದು ವಿಷಯವನ್ನು ಅಲುಗಾಡಿಸಬೇಕಾಗಿದೆ. ಗಂಜಿ ಕುಡಿದಾಗ ಕೆಮ್ಮುವುದಿಲ್ಲ, ಹಾಗಾಗಿ ಅದು ಸರಿಯಾಗಿ ಇಳಿಯುತ್ತಿದೆ ಅಂತ ತಿಳಿದಿದ್ದೀರಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹಾಗೇ ತಿಳಿದಿದ್ದೆ. ಒಬ್ಬ ಹಿರಿಯರಿಗೆ ಚಮಚದಲ್ಲಿ ಕೊಟ್ಟು ನೋಡಿದೆ, ಕೆಮ್ಮಲಿಲ್ಲ, ದನಿಯೂ ಚೆನ್ನಾಗಿತ್ತು, ಧಾರಾಳವಾಗಿ ಕೊಡಿ ಅಂದೆ. ಮೂರು ವಾರದಲ್ಲಿ ಎರಡು ಸಲ ನ್ಯುಮೋನಿಯಾ ಆಗಿ ಬಂದರು. ಆಮೇಲೆ ಕ್ಯಾಮೆರಾ ಹಾಕಿ ನೋಡಿದರೆ ಪ್ರತಿ ಮೂರನೇ ತುತ್ತಿಗೂ ಸ್ವಲ್ಪ ಗಾಳಿದಾರಿಗೆ ಜಾರುತ್ತಿತ್ತು, ಅವರಿಗೆ ಅದರ ಪರಿವೆಯೇ ಇರಲಿಲ್ಲ. ಲಕ್ವ ಗಂಟಲಿನ ಬಲವನ್ನು ಮಾತ್ರವಲ್ಲ, ಅರಿವನ್ನೂ ಕಳೆಯಬಹುದು. ಅರಿವೇ ಇಲ್ಲದಿದ್ದರೆ ಕೆಮ್ಮು ಎಲ್ಲಿಂದ ಬರಬೇಕು? ಸದ್ದಿಲ್ಲದೆ ಹೀಗೆ ಇಳಿಯುವುದೇ ಹೆಚ್ಚು ಅಪಾಯ. ನೀರಿಗೆ ನಿಮ್ಮ ಅಪ್ಪ ಕೆಮ್ಮುತ್ತಾರೆ ಅನ್ನುವುದು ಒಂದು ರೀತಿಯಲ್ಲಿ ಒಳ್ಳೆಯ ಸುದ್ದಿ, ಅರಿವು ಅಷ್ಟಾದರೂ ಉಳಿದಿದೆ. ಆದರೆ ಗಂಜಿಯ ಮೌನವನ್ನು ನಾನು ನಂಬುವುದಿಲ್ಲ. ಕುಡಿದ ಮೇಲೆ ಆ ಅಂತ ಉದ್ದಕ್ಕೆ ದನಿ ತೆಗೆಸಿ ಕೇಳಿ. ನೀರು ತುಂಬಿದ ಹಾಗೆ ಗೊರಗೊರ ಅಂದರೆ ಗಂಜಿ ಇನ್ನೂ ಅಲ್ಲೇ ಬಾಗಿಲ ಬಳಿ ನಿಂತಿದೆ.

ಹಾಗಾಗಿ ನನ್ನ ಮೊದಲ ಸಲಹೆ ವ್ಯಾಯಾಮವಲ್ಲ, ಪರೀಕ್ಷೆ. ಎರಡು ಬಗೆ ಇವೆ. ಒಂದರಲ್ಲಿ ಮೂಗಿನಿಂದ ತೆಳ್ಳನೆ ಕ್ಯಾಮೆರಾ ಇಳಿಸಿ, ಬಣ್ಣ ಹಾಕಿದ ಆಹಾರ ನುಂಗಿಸಿ, ಗಂಟಲಲ್ಲಿ ಎಲ್ಲಿ ನಿಲ್ಲುತ್ತದೆ, ಎಲ್ಲಿಗೆ ಜಾರುತ್ತದೆ ಅಂತ ನೋಡುತ್ತೇವೆ. ಇನ್ನೊಂದರಲ್ಲಿ ಬೇರಿಯಂ ಕಲಸಿದ ಆಹಾರ ಕೊಟ್ಟು ನುಂಗುವುದನ್ನು ಎಕ್ಸ್-ರೇಯಲ್ಲಿ ಚಲನಚಿತ್ರದ ಹಾಗೆ ತೆಗೆಯುತ್ತಾರೆ. ಎರಡೂ ಕೆಲವೇ ನಿಮಿಷದ ಕೆಲಸ. ನಿಮಗೆ ಹತ್ತಿರ ಮೈಸೂರು, ಅಲ್ಲಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನುಂಗುವ ತೊಂದರೆ ನೋಡುವವರಿದ್ದಾರೆ. ಬೆಂಗಳೂರಿಗೆ ಹೋಗುವುದಾದರೆ ನಿಮ್ಹಾನ್ಸ್ ಇದೆ. ದೊಡ್ಡ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲೂ ವಿಚಾರಿಸಬಹುದು. ಮೊದಲೇ ಫೋನ್ ಮಾಡಿ ದಿನ ಗೊತ್ತು ಮಾಡಿಕೊಳ್ಳಿ. ಮನೆಗೆ ಯಾರನ್ನಾದರೂ ಕರೆಸುವುದಾದರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇದೆಯಾ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಪರೀಕ್ಷೆ ಯಾಕೆ ಅಷ್ಟು ಮುಖ್ಯ ಅಂದರೆ, ಗಂಟಲಿನ ವ್ಯಾಯಾಮಗಳು ಎಲ್ಲರಿಗೂ ಒಂದೇ ಅಲ್ಲ. ಒಬ್ಬರಿಗೆ ನಾಲಿಗೆ ಸೋತಿರುತ್ತದೆ, ತುತ್ತು ಹಿಂದಕ್ಕೆ ಹೋಗದೆ ಎಡಗೆನ್ನೆಯೊಳಗೆ ಕೂತಿರುತ್ತದೆ. ಇನ್ನೊಬ್ಬರಿಗೆ ನುಂಗುವುದು ಶುರುವಾಗುವುದೇ ತಡ. ಮತ್ತೊಬ್ಬರಿಗೆ ಎಲ್ಲ ಸರಿ, ಹಿಂದಿನ ಬಾಗಿಲು ತೆರೆಯುವುದಿಲ್ಲ. ಕೆಟ್ಟಿರುವುದು ಪಂಪಿನ ಮೋಟರೋ, ಫುಟ್‌ವಾಲ್ವೋ ನೋಡದೆ ಪೈಪ್ ಬದಲಾಯಿಸಿದರೆ ನೀರು ಬರುತ್ತದಾ?

ವಿಡಿಯೋದ ಮೂರು ವ್ಯಾಯಾಮಕ್ಕೆ ಬರೋಣ.

ಮಲಗಿಕೊಂಡು ತಲೆ ಎತ್ತುವುದನ್ನು ಶೇಕರ್ ವ್ಯಾಯಾಮ ಅನ್ನುತ್ತಾರೆ, ಅಮೆರಿಕದ ಮಿಲ್ವಾಕಿಯ ವೈದ್ಯ ರೆಜಾ ಶೇಕರ್ ಅವರ ಹೆಸರಿನಲ್ಲಿ. ಭುಜ ನೆಲಕ್ಕೇ ಇರಬೇಕು, ತಲೆ ಮಾತ್ರ ಎತ್ತಿ ಕಾಲಿನ ಬೆರಳು ನೋಡಬೇಕು. ಒಂದು ನಿಮಿಷ ಹಿಡಿದು, ಒಂದು ನಿಮಿಷ ಬಿಡುವು, ಹೀಗೆ ಮೂರು ಸಲ. ಆಮೇಲೆ ಹಿಡಿಯದೆ 30 ಸಲ ಎತ್ತಿ ಇಳಿಸುವುದು. ದಿನಕ್ಕೆ ಮೂರು ಹೊತ್ತು, ಆರು ವಾರ. ಗದ್ದದ ಕೆಳಗಿನ ಸ್ನಾಯುಗಳು ಬಲವಾಗಿ, ಧ್ವನಿಪೆಟ್ಟಿಗೆ ಚೆನ್ನಾಗಿ ಮೇಲೆದ್ದು, ಹಿಂದಿನ ಬಾಗಿಲು ಅಗಲವಾಗಿ ತೆರೆಯಲಿ ಅನ್ನುವುದು ಇದರ ಉದ್ದೇಶ. ಸರಿಯಾದ ರೋಗಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಕಷ್ಟದ ವ್ಯಾಯಾಮ, ನೀವೇ ಒಮ್ಮೆ ಮಾಡಿ ನೋಡಿ, 30 ಸೆಕೆಂಡಿಗೆ ಕತ್ತು ನಡುಗುತ್ತದೆ. ಕತ್ತಿನ ಸವೆತ ಇರುವವರಿಗೆ, ಬಿ.ಪಿ. ಹತೋಟಿಯಲ್ಲಿ ಇಲ್ಲದವರಿಗೆ ನಾನು ಕೊಡುವುದಿಲ್ಲ. ನಿಮ್ಮ ಅಪ್ಪನಿಗೆ ಬೇಡ.

ಇದಕ್ಕೆ ಬದಲಿ ಇದೆ. ಕುರ್ಚಿಯಲ್ಲಿ ನೇರವಾಗಿ ಕೂತು, ಗದ್ದದ ಕೆಳಗೆ ಒಂದು ಮೆತ್ತನೆ ಚೆಂಡು ಅಥವಾ ಸುರುಳಿ ಸುತ್ತಿದ ಟವೆಲ್ ಇಟ್ಟು ಗದ್ದದಿಂದ ಅದನ್ನು ಒತ್ತುವುದು. ಸಿಂಗಾಪುರದ ಸಂಶೋಧಕರು 2014ರಲ್ಲಿ ಇದನ್ನು ಬರೆದರು. ಬೇಕಾದ ಸ್ನಾಯುಗಳಿಗೆ ಕೆಲಸ ಸಿಗುತ್ತದೆ, ಕತ್ತಿನ ಪಕ್ಕದ ದೊಡ್ಡ ಸ್ನಾಯುಗಳ ಮೇಲೆ ಭಾರ ಕಡಿಮೆ. ನಮ್ಮ ಕಡೆ ವಯಸ್ಸಾದವರಿಗೆ ನಾನು ಹೆಚ್ಚಾಗಿ ಹೇಳಿಕೊಡುವುದು ಇದನ್ನೇ. ಹತ್ತು ಸೆಕೆಂಡ್ ಒತ್ತಿ ಹಿಡಿಯುವುದರಿಂದ ಶುರು ಮಾಡಿ ಮೆಲ್ಲಗೆ ಹೆಚ್ಚಿಸುತ್ತೇವೆ. ಆದರೂ ಕತ್ತಿನ ವಿಷಯ ಇರುವುದರಿಂದ ಮೂಳೆ ಡಾಕ್ಟರನ್ನು ಒಂದು ಮಾತು ಕೇಳಿಯೇ ಮಾಡಿಸಿ. ಕೈಗೆ ಜೋಮು ಹಿಡಿದರೆ, ತಲೆ ಸುತ್ತಿದರೆ ನಿಲ್ಲಿಸಿ.

ಎರಡನೆಯದು, ನಾಲಿಗೆ ತುದಿಯನ್ನು ಹಲ್ಲಿನ ನಡುವೆ ಮೆತ್ತಗೆ ಹಿಡಿದು ನುಂಗುವುದು. ಮಸಾಕೋ ಅನ್ನುವ ಹೆಸರಿನ ವ್ಯಾಯಾಮ. ನಾಲಿಗೆ ಮುಂದೆ ಸಿಕ್ಕಿಕೊಂಡಾಗ ಗಂಟಲಿನ ಹಿಂದಿನ ಗೋಡೆ ಜಾಸ್ತಿ ಮುಂದೆ ಬರಬೇಕಾಗುತ್ತದೆ, ಅದಕ್ಕೆ ಕಸರತ್ತು. ಇದನ್ನು ಬರೀ ಉಗುಳು ನುಂಗಿಯೇ ಮಾಡಬೇಕು. ಬಾಯಲ್ಲಿ ನೀರು, ಗಂಜಿ ಇಟ್ಟುಕೊಂಡು ಯಾವತ್ತೂ ಮಾಡಬಾರದು, ನಾಲಿಗೆ ಕಟ್ಟಿಹಾಕಿದಾಗ ನುಂಗುವುದು ಇನ್ನಷ್ಟು ಅಸುರಕ್ಷಿತ. ವಿಡಿಯೋಗಳಲ್ಲಿ ಈ ಮಾತು ಬಿಟ್ಟುಹೋಗಿರುವುದನ್ನು ನಾನೇ ನೋಡಿದ್ದೇನೆ. ಹಿಂದಿನ ಗೋಡೆ ಸೋತಿದೆ ಅಂತ ಪರೀಕ್ಷೆಯಲ್ಲಿ ಕಾಣದಿದ್ದರೆ ಇದಕ್ಕೆ ಸಮಯ ಕೊಡಬೇಕಾಗಿಲ್ಲ.

ಬಲೂನ್ ಬಿಟ್ಟುಬಿಡಿ. ಉಸಿರು ಹೊರಹಾಕುವ ಸ್ನಾಯುಗಳು ಬಲವಾದರೆ ಕೆಮ್ಮು ಜೋರಾಗುತ್ತದೆ, ಒಳಗೆ ಜಾರಿದ್ದನ್ನು ಹೊರಗೆ ಎಸೆಯಬಹುದು, ಅಷ್ಟು ನಿಜ. ಅದಕ್ಕೆ ಅಂತಲೇ ಸ್ಪ್ರಿಂಗ್ ಇರುವ ಚಿಕ್ಕ ಸಾಧನಗಳಿವೆ, ಎಷ್ಟು ಒತ್ತಡ ಅಂತ ಅಳೆದು ಕೊಡುತ್ತೇವೆ. ಬಲೂನಿಗೆ ಅಳತೆ ಇಲ್ಲ. ಬಿ.ಪಿ. ಇರುವವರು ಉಸಿರು ಕಟ್ಟಿ ಊದಿದರೆ ಒತ್ತಡ ಏರುತ್ತದೆ. ಇದೇ ಕಾರಣಕ್ಕೆ ಇನ್ನೊಂದು ಎಚ್ಚರಿಕೆ. ಉಸಿರು ಬಿಗಿಹಿಡಿದು, ಮುಕ್ಕಿರಿದು ನುಂಗಿ, ತಕ್ಷಣ ಕೆಮ್ಮುವ ಒಂದು ತಂತ್ರವೂ ಇದೆ. ಹೊಸದಾಗಿ ಲಕ್ವ ಆದವರಲ್ಲಿ, ಅದರಲ್ಲೂ ಹೃದಯದ ತೊಂದರೆ ಇರುವವರಲ್ಲಿ, ಅದರಿಂದ ಎದೆಬಡಿತ ಏರುಪೇರಾದದ್ದು ಅಧ್ಯಯನದಲ್ಲಿ ಕಂಡಿದೆ. ಯಾರಾದರೂ ಹೇಳಿಕೊಟ್ಟರೆ ಅಪ್ಪನ ಬಿ.ಪಿ. ವಿಷಯ ಮೊದಲು ಹೇಳಿ.

ಹಾಗಾದರೆ ಪರೀಕ್ಷೆಯ ದಿನ ಬರುವ ತನಕ ಸುಮ್ನೆ ಕೂರಬೇಕಾ? ಬೇಡ. ಎದೆ ಚೆನ್ನಾಗಿದೆ ಅಂತ ಡಾಕ್ಟರ್ ಹೇಳಿದ ಮೇಲೆ ಎರಡು ಕೆಲಸ ಮಾಡಿಸಬಹುದು. ಒಂದು, ನಾಲಿಗೆಯ ಬಲ. ಸ್ಟೀಲ್ ಚಮಚದ ಬೆನ್ನನ್ನು ನಾಲಿಗೆ ಮೇಲೆ ಇಟ್ಟು ಅದನ್ನು ಅಂಗುಳಕ್ಕೆ ಒತ್ತಲು ಹೇಳಿ. ಮೂರು ಎಣಿಸುವ ತನಕ ಒತ್ತಿ ಹಿಡಿಯಲಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಎರಡು, ಜೋರಾಗಿ ನುಂಗುವುದು. ಬಾಯಿ ತೊಳೆಸಿ ನೇರವಾಗಿ ಕೂರಿಸಿ, ದೊಡ್ಡ ತುತ್ತೊಂದನ್ನು ಕಷ್ಟಪಟ್ಟು ಇಳಿಸುತ್ತಿದ್ದೀಯ ಅಂದುಕೊಂಡು ಉಗುಳು ನುಂಗಪ್ಪ ಅನ್ನಿ. ನಿಮ್ಮ ಬೆರಳು ಗಂಟಲ ಮೇಲಿರಲಿ. ಉಬ್ಬು ಮೇಲೆ ಹೋದದ್ದು ಗೊತ್ತಾದರೆ ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಬಾಯಿ ಒಣಗಿದರೆ ಒದ್ದೆ ಹತ್ತಿಯಿಂದ ತುಟಿ, ನಾಲಿಗೆ ಸವರಿ. ಐದಾರು ಸಲಕ್ಕೇ ಸುಸ್ತಾದರೆ ಅಲ್ಲಿಗೆ ನಿಲ್ಲಿಸಿ, ಸಂಜೆ ಮತ್ತೆ ಮಾಡಿ. ಸುಸ್ತಾದ ಗಂಟಲಿಗೆ ಊಟ ಕೊಡಬಾರದು, ಹಾಗಾಗಿ ವ್ಯಾಯಾಮಕ್ಕೂ ಊಟಕ್ಕೂ ನಡುವೆ ಒಂದು ಗಂಟೆ ಇರಲಿ.

ನುಂಗುವುದಕ್ಕೆ ಎಲ್ಲಕ್ಕಿಂತ ಒಳ್ಳೆಯ ವ್ಯಾಯಾಮ ನುಂಗುವುದೇ. ಕತ್ತು ಎತ್ತಿದರೆ ಕತ್ತಿನ ಸ್ನಾಯು ಗಟ್ಟಿಯಾದೀತು, ಆದರೆ ನಾಲಿಗೆ ತಳ್ಳುವುದು, ಬಾಗಿಲು ಮುಚ್ಚುವುದು, ಉಸಿರು ತಡೆಯುವುದು ಎಲ್ಲ ಒಂದು ಸೆಕೆಂಡಿನ ಒಳಗೆ ತಾಳಕ್ಕೆ ಬರಬೇಕೆಂದರೆ ಅದನ್ನೇ ಮತ್ತೆ ಮತ್ತೆ ಮಾಡಬೇಕು. ಪರೀಕ್ಷೆಯಿಂದ ಸಿಗುವ ದೊಡ್ಡ ಲಾಭ ಇದೇ. ಯಾವ ಹದದ್ದು, ಎಷ್ಟು ಅಳತೆಯಲ್ಲಿ, ಕತ್ತು ಹೇಗಿಟ್ಟರೆ ಒಳಗೆ ಜಾರದೆ ಇಳಿಯುತ್ತದೆ ಅಂತ ಗೊತ್ತಾದರೆ, ಅದನ್ನೇ ದಿನಕ್ಕೆ ಎಷ್ಟೋ ಸಲ ನುಂಗಿಸಿ ಪಳಗಿಸಬಹುದು. ಕೆಲವರಿಗೆ ಗದ್ದ ಎದೆಯ ಕಡೆ ಬಗ್ಗಿಸಿದರೆ ಸಾಕು. ಕೆಲವರಿಗೆ ಗಂಟಲಿನ ಸೋತ ಬದಿಗೆ ಮುಖ ತಿರುಗಿಸಬೇಕು, ಆಗ ತುತ್ತು ಗಟ್ಟಿ ಬದಿಯಿಂದ ಇಳಿಯುತ್ತದೆ. ಗದ್ದ ಬಗ್ಗಿಸಿದರೆ ಇನ್ನೂ ಕೆಡುವವರೂ ಇದ್ದಾರೆ, ಹಾಗಾಗಿ ಇದನ್ನೂ ಊಹೆಯಲ್ಲಿ ಮಾಡಬೇಡಿ.

ಇದರಿಂದ ಆಗುವ ಲಾಭ ಎಷ್ಟು? ಆಸ್ಟ್ರೇಲಿಯಾದ ಪರ್ತ್‌ನಲ್ಲಿ 306 ಜನ ಲಕ್ವ ರೋಗಿಗಳ ಮೇಲೆ ನಡೆದ ಒಂದು ದೊಡ್ಡ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಮಾಮೂಲಿ ಆರೈಕೆ ಪಡೆದವರಿಗಿಂತ ನುಂಗುವ ಚಿಕಿತ್ಸೆ ಪಡೆದವರಲ್ಲಿ ಹೆಚ್ಚು ಜನ ಆರು ತಿಂಗಳಿಗೆ ಮಾಮೂಲಿ ಊಟಕ್ಕೆ ಮರಳಿದರು, ಎದೆಯ ಸೋಂಕೂ ಕಡಿಮೆಯಾಯಿತು. ನನ್ನ ಅನುಭವವೂ ಹಾಗೇ ಇದೆ, ಆದರೆ ಎಲ್ಲರಿಗೂ ಅಲ್ಲ. ನಾಲ್ಕು ವಾರದ ಮೊದಲು ಫಲ ಅಳೆಯಬೇಡಿ, ಎಂಟು ವಾರ ಮಾಡಿದರೂ ಬೆರಳಿಗೆ ಏನೂ ವ್ಯತ್ಯಾಸ ಕಾಣದಿದ್ದರೆ ಅದೇ ವ್ಯಾಯಾಮಕ್ಕೆ ಅಂಟಿಕೊಳ್ಳಲೂ ಬೇಡಿ.

ಕರೆಂಟ್ ಚಿಕಿತ್ಸೆಗೆ ಎರಡೇ ಮಾತು. ಗಂಟಲ ಚರ್ಮದ ಮೇಲೆ ಪಟ್ಟಿ ಅಂಟಿಸಿ ಸಣ್ಣಗೆ ಕರೆಂಟ್ ಕೊಡುವ ಯಂತ್ರ ಸುಳ್ಳಲ್ಲ, ವ್ಯಾಯಾಮದ ಜೊತೆ ಕೊಟ್ಟಾಗ ಕೆಲವು ಅಧ್ಯಯನಗಳಲ್ಲಿ ಸ್ವಲ್ಪ ಹೆಚ್ಚು ಲಾಭ ಕಂಡಿದೆ. ಆದರೆ ರೋಗಿಯನ್ನು ನುಂಗಿಸದೆ, ಬರೀ ಪಟ್ಟಿ ಹಚ್ಚಿ ಮಲಗಿಸುವ ಕಡೆ ದುಡ್ಡು ಹಾಕಬೇಡಿ, ಹತ್ತು ದಿನದ ಗ್ಯಾರಂಟಿ ಕೊಡುವವರ ಹತ್ತಿರವಂತೂ ಹೋಗಲೇಬೇಡಿ. ಎದೆಗೆ ಪೇಸ್‌ಮೇಕರ್ ಹಾಕಿದ್ದರೆ ಮೊದಲೇ ಹೇಳಬೇಕು.

ಗಂಜಿ ಬಗ್ಗೆ ಜಾಸ್ತಿ ಹೇಳಬೇಕು, ಯಾಕೆಂದರೆ ಎಷ್ಟೋ ಮನೆಯವರು ಎಡವುವುದು ಇಲ್ಲೇ. ರಾಗಿ ಗಂಜಿ ಒಂದೇ ಹದದಲ್ಲಿ ನಿಲ್ಲುವ ಪದಾರ್ಥವಲ್ಲ. ಬಿಸಿ ಇದ್ದಾಗ ನೀರು, ಆರಿದ ಮೇಲೆ ಗೋಂದು. ಸೂಜಿ ಇಲ್ಲದ 10 ಮಿ.ಲೀ. ಸಿರಿಂಜ್ ತನ್ನಿ. ಒಳಗಿನ ದಂಡ ಎಳೆದು ತೆಗೆದು, ಕೆಳಗಿನ ತೂತನ್ನು ಬೆರಳಿನಿಂದ ಮುಚ್ಚಿಕೊಂಡು, ಕೊಡುವ ಬಿಸಿಯಲ್ಲೇ ಗಂಜಿಯನ್ನು 10ರ ಗೆರೆಯ ತನಕ ತುಂಬಿ, ಆ ಬೆರಳು ತೆಗೆದು ಹತ್ತು ಸೆಕೆಂಡ್ ಬಿಡಿ, ಮತ್ತೆ ಮುಚ್ಚಿ. ಎಷ್ಟು ಉಳಿಯಿತು ನೋಡಿ. ಸಿರಿಂಜಿನಲ್ಲಿ 1ರಿಂದ 4 ಮಿ.ಲೀ. ಉಳಿದರೆ ತುಸು ಮಂದ, 4ರಿಂದ 8 ಉಳಿದರೆ ಅದಕ್ಕಿಂತ ಮಂದ, 8ಕ್ಕೂ ಜಾಸ್ತಿ ಉಳಿದರೆ ಸಾಕಷ್ಟು ಗಟ್ಟಿ. ಹಲವು ದೇಶಗಳಲ್ಲಿ ಈಗ ಇದೇ ಅಳತೆ ಬಳಸುತ್ತಾರೆ. ಥೆರಪಿಸ್ಟ್ ಒಂದು ಹದ ಹೇಳಿದರೆ ಮನೆಯಲ್ಲಿ ದಿನಾ ಅದೇ ಹದ ತರಲು ಇದು ಸುಲಭದ ದಾರಿ. ಗಟ್ಟಿಯಾದಷ್ಟೂ ಸುರಕ್ಷಿತ ಅಂತಲೂ ಅಲ್ಲ. ತೀರಾ ಗಟ್ಟಿಯಾದದ್ದು ಗಂಟಲಲ್ಲೇ ಮೆತ್ತಿಕೊಂಡು, ಊಟ ಮುಗಿದ ಮೇಲೆ ಉಸಿರಿನ ಜೊತೆ ಒಳಗೆ ಹೋಗುತ್ತದೆ.

ಇನ್ನೊಂದು ವಿಷಯಕ್ಕೆ ನಮ್ಮ ಅಜ್ಜಿಯರು ಖುಷಿಪಡುತ್ತಾರೆ. ಎಂಜಲು ಚಮಚವನ್ನು ಗಂಜಿಯ ಬಟ್ಟಲಿಗೆ ಮತ್ತೆ ಅದ್ದಬೇಡಿ. ಜೊಲ್ಲಿನಲ್ಲಿರುವ ಅಮೈಲೇಸ್ ಅನ್ನುವ ರಸ ಹಿಟ್ಟಿನ ಮಂದವನ್ನು ಕರಗಿಸುತ್ತದೆ. ಅರ್ಧ ಗಂಟೆ ಎಂಜಲು ಬಟ್ಟಲಿನಿಂದಲೇ ತಿನ್ನಿಸಿದರೆ ಕೊನೆಯ ಚಮಚಗಳು ಹೆಚ್ಚುಕಡಿಮೆ ನೀರು. ಬೇರೆ ಬಟ್ಟಲಿಗೆ ಸ್ವಲ್ಪ ಸ್ವಲ್ಪ ಬಗ್ಗಿಸಿಕೊಂಡು ಕೊಡಿ. ಪರೀಕ್ಷೆ ಆಗುವ ತನಕ ಚಿಕ್ಕ ಚಮಚ, ಒಂದು ಇಳಿದದ್ದು ಬೆರಳಿಗೆ ಗೊತ್ತಾದ ಮೇಲೆ ಇನ್ನೊಂದು. ಬೆನ್ನು ನೇರವಾಗಿರಲಿ, ಟಿವಿ ಆಫ್ ಆಗಿರಲಿ, ಊಟದ ನಂತರ ಎಡಗೆನ್ನೆಯೊಳಗೆ ಬೆರಳಾಡಿಸಿ ಉಳಿದದ್ದು ತೆಗೆಯಿರಿ, ಅರ್ಧ ಗಂಟೆ ಕೂರಿಸಿಯೇ ಇಡಿ. ಒಳಲೆಯಲ್ಲಿ ಸುರಿಯುವುದು, ಸಿರಿಂಜಿನಿಂದ ಬಾಯಿಗೆ ಬಿಡುವುದು ಬೇಡ. ಕೂಸಿಗೆ ಸರಿ, ತಡವಾಗಿ ನುಂಗುವ ಗಂಟಲಿಗೆ ಅಲ್ಲ. ಲಕ್ವಕ್ಕೆ ಅಂತ ಯಾರಾದರೂ ಮೂಗಿಗೆ, ಬಾಯಿಗೆ ಎಣ್ಣೆ ಬಿಡಲು ಬಂದರೆ ನಯವಾಗಿ ಬೇಡ ಅನ್ನಿ. ಶ್ವಾಸಕೋಶಕ್ಕೆ ಇಳಿದ ಎಣ್ಣೆ ಸುಲಭಕ್ಕೆ ಹೊರಗೆ ಬರುವುದಿಲ್ಲ. ಮಾತ್ರೆ ಪುಡಿ ಮಾಡುವ ಮೊದಲೂ ಔಷಧಿ ಅಂಗಡಿಯವರನ್ನೋ ಡಾಕ್ಟರನ್ನೋ ಕೇಳಿ, ಕೆಲವನ್ನು ಪುಡಿ ಮಾಡಬಾರದು. ಮತ್ತೆ ಬಾಯಿ. ದಿನಕ್ಕೆ ಎರಡು ಮೂರು ಸಲ ಹಲ್ಲು, ನಾಲಿಗೆ ಉಜ್ಜಿಸಿ. ಒಳಗೆ ಜಾರುವ ಜೊಲ್ಲು ಚೊಕ್ಕವಾಗಿದ್ದರೆ ಸೋಂಕಿನ ಭಯ ಎಷ್ಟೋ ಕಡಿಮೆ.

ಟ್ಯೂಬ್ ಇದ್ದರೆ ನುಂಗುವುದು ಮರೆತುಹೋಗುತ್ತದೆ ಅನ್ನುವುದು ನಿಜವಲ್ಲ. ಅಭ್ಯಾಸ ಬಿಟ್ಟರೆ ಸೋಲುತ್ತದೆ, ಟ್ಯೂಬ್ ಇದ್ದುಕೊಂಡೇ ಅಭ್ಯಾಸ ಮಾಡಿಸಬಹುದು. ನಿಮ್ಮ ಅಪ್ಪ ಏಳು ವಾರದಲ್ಲಿ ಏಳು ಕೆ.ಜಿ. ಕಳೆದುಕೊಂಡಿದ್ದಾರೆ. ಅದರಲ್ಲಿ ಸ್ನಾಯುವೂ ಸೇರಿದೆ, ಗಂಟಲಿನ ಸ್ನಾಯುವೂ ಸ್ನಾಯುವೇ. ಹೊಟ್ಟೆಗಿಲ್ಲದೆ ಕಸರತ್ತು ಮಾಡಿಸಿದರೆ ಮೈ ಬೆಳೆಯುತ್ತದಾ? ಗಂಜಿಗೆ ತುಪ್ಪ, ಹಾಲು, ನುಣ್ಣಗೆ ರುಬ್ಬಿದ ಹೆಸರುಬೇಳೆ ಸೇರಿಸಿ ನೋಡಿ, ಹದ ಮತ್ತೆ ಅಳೆಯಿರಿ. ಅದರಿಂದಲೂ ತೂಕ ನಿಲ್ಲದಿದ್ದರೆ, ನೀರು ಸಾಲದೆ ಮೂತ್ರ ಗಾಢವಾದರೆ, ಸ್ವಲ್ಪ ದಿನಕ್ಕೆ ಟ್ಯೂಬ್ ಮತ್ತೆ ಹಾಕಿಸುವುದು ನನ್ನ ಅಭಿಪ್ರಾಯದಲ್ಲಿ ಸರಿ. ಹೊಟ್ಟೆ ಟ್ಯೂಬಿನಿಂದ ತುಂಬಲಿ, ನಾಲಿಗೆಗೆ ರುಚಿ, ಗಂಟಲಿಗೆ ಅಭ್ಯಾಸ ಚಮಚದಿಂದ ಸಿಗಲಿ. ಟ್ಯೂಬ್ ಇದ್ದರೂ ಜೊಲ್ಲು ಒಳಗೆ ಜಾರಬಹುದು, ಹೊಟ್ಟೆಯದು ಮೇಲೆ ಬರಬಹುದು, ಹಾಗಾಗಿ ಅದೂ ಪೂರ್ತಿ ಕಾವಲಲ್ಲ. ಇನ್ನೂ ಹಲವು ವಾರ ಬೇಕಾಗುತ್ತದೆ ಅನಿಸಿದರೆ ಹೊಟ್ಟೆಗೇ ನೇರವಾಗಿ ಹಾಕುವ ಪೆಗ್ ಅನ್ನುವ ಟ್ಯೂಬಿನ ಬಗ್ಗೆ ಡಾಕ್ಟರ್ ಹೇಳುತ್ತಾರೆ. ಅದನ್ನು ಕೇಳಿ ಹೆದರಬೇಡಿ, ಬೇಡವಾದಾಗ ತೆಗೆಯಬಹುದು.

ಕೊನೆಗೆ ಮುದ್ದೆ. ಮಂಡ್ಯದವರಿಗೆ ನಾನೇನು ಹೇಳಬೇಕಿಲ್ಲ, ಮುದ್ದೆ ಅಗಿಯುವ ಪದಾರ್ಥವಲ್ಲ. ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಅದ್ದಿ, ಹಾಗೇ ಇಳಿಸುವುದು. ನನ್ನ ಕಸುಬಿನ ಕಣ್ಣಿನಿಂದ ನೋಡಿದರೆ ಗಂಟಲಿಗೆ ಅದರಷ್ಟು ಕಷ್ಟದ ಪರೀಕ್ಷೆ ಇನ್ನೊಂದಿಲ್ಲ. ದೊಡ್ಡ ತುತ್ತು, ಅಂಟುವ ತುತ್ತು, ಜೊತೆಗೆ ನೀರಾದ ಸಾರು. ಉಂಡೆ ಅಲ್ಲೇ ನಿಂತಾಗ ಸಾರು ಮುಂದೆ ಓಡಿಬಿಡುತ್ತದೆ, ಅದೂ ಖಾರದ ಸಾರು. ಈಗ ಕೊಡಬೇಡಿ, ಒಂದೇ ಒಂದು ತುತ್ತು ಅಂದರೂ ಬೇಡ. ಹಾಗಂತ ಇನ್ನು ಯಾವತ್ತೂ ಇಲ್ಲ ಅಂತಲೂ ಹೇಳಬೇಡಿ, ಯಾಕೆಂದರೆ ಅದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನನ್ನ ಹತ್ತಿರ ಬಂದವರಲ್ಲಿ ಮುದ್ದೆಗೆ ಮರಳಿದವರಿದ್ದಾರೆ. ಗಂಜಿಯಿಂದ ಗಟ್ಟಿ ಅಂಬಲಿ, ಅಲ್ಲಿಂದ ಕಿವುಚಿದ ಮೊಸರನ್ನ, ಆಮೇಲೆ ಮೆತ್ತಗೆ ತೊಳಸಿದ ಮುದ್ದೆಯನ್ನು ತುಪ್ಪ ಹಾಕಿ, ಗಟ್ಟಿ ಸಾರಿನಲ್ಲಿ ಕಿವುಚಿ ಚಮಚದಲ್ಲಿ ಕೊಡುವ ತನಕ ಕೆಲವರು ತಿಂಗಳುಗಟ್ಟಲೆ ತೆಗೆದುಕೊಂಡರು. ಚಮಚದ ಮುದ್ದೆಯಲ್ಲೇ ನಿಂತವರೂ ಇದ್ದಾರೆ.

ಒಂದು ಕೆಲಸ ಮಾಡಿ. ಕ್ಯಾಮೆರಾ ಪರೀಕ್ಷೆಗೆ ಹೋಗುವ ದಿನ ಮನೆಯಿಂದ ಎರಡು ಡಬ್ಬಿ ತೆಗೆದುಕೊಂಡು ಹೋಗಿ. ಒಂದರಲ್ಲಿ ನೀವು ದಿನಾ ಕೊಡುವ ಗಂಜಿ, ಅದೇ ಹದದಲ್ಲಿ. ಇನ್ನೊಂದರಲ್ಲಿ ಮೆತ್ತನೆ ಮುದ್ದೆ, ಬೇರೆಯಾಗಿ ಗಟ್ಟಿ ಸಾರು. ಮೊದಲ ದಿನವೇ ಮುದ್ದೆ ನುಂಗಿಸಿ ನೋಡುತ್ತಾರೆ ಅಂತಲ್ಲ, ಗಂಜಿ ಹೇಗೆ ಇಳಿಯಿತು ಅಂತ ನೋಡಿ ಥೆರಪಿಸ್ಟ್ ತೀರ್ಮಾನ ಮಾಡುತ್ತಾರೆ. ಕೊಟ್ಟರೆ ಕಡಲೆಕಾಳಿನಷ್ಟು, ಹಸಿರು ಬಣ್ಣ ಕಲಸಿ. ಬಣ್ಣ ನೋಡಿ ಅಪ್ಪ ಮುಖ ಕಿವುಚುತ್ತಾರೆ, ಮೊದಲೇ ಹೇಳಿಟ್ಟಿರಿ.